ನಾಲ್ಕನೆಯ ಬಿಲ್ಲೆ

ರಾಲಿತ್ಸಾ ತಿರುಗಿ ನೋಡುವಷ್ಟರಲ್ಲಿ ಮುದುಕ ಅವಳ ನೆರಳಿನ ತಲೆಯ ಹತ್ತಿರ ಮಂಡಿಯೂರಿದ್ದ. ಕೈಯಲ್ಲಿ ಗಾರೆಯವರು ಅಳತೆಗೆ ಹಿಡಿಯುವ ಕೆಂಪು ದಾರ. ಪಕ್ಕದಲ್ಲಿ ಮೇಸ್ತ್ರಿ ಗ್ರೊಜ್ದಾನ್ ಬರಿಗೈಯಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ.

"ಏನ್ ತಾತ ಇದು?"

"ಏನಿಲ್ಲ ಮಗಳೇ, ಹೆದರ್ಬೇಡ." ಸ್ಪಾಸ್ ತಾತ ದಾರ ಸುತ್ತಿ ಜೇಬಿಗಿಳಿಸಿದ. "ನಿನ್ನದು ನನ್ನ ಹತ್ರ ಭದ್ರವಾಗಿರ್ತದೆ."

ಆರ್ದಾ ಹೊಳೆಯ ಆ ಬೆಟ್ಟಸೀಮೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತು: ಒಬ್ಬರ ಅಳತೆ, ಮೈಯದೋ ನೆರಳಿನದೋ, ಕಂಬದೊಳಗೆ ಸೇರಿದರೆ ಸೇತುವೆ ನಿಲ್ಲುತ್ತದೆ. ಅಳತೆ ಕೊಟ್ಟವರು ನಲವತ್ತು ದಿನದೊಳಗೆ ಮಣ್ಣು ಸೇರುತ್ತಾರೆ.

"ಇವನಿಗೇನು ಇದು ಹೊಸದಲ್ಲ ಮೇಡಂ," ಮುದುಕ ಹೋದ ಮೇಲೆ ಗ್ರೊಜ್ದಾನ್ ಹೇಳಿದ. "ಈ ಸೇತುವೆ ಕಟ್ಟುವಾಗ ಇವನೂ ಗಾರೆ ಕೆಲಸಕ್ಕಿದ್ದ. ಬುತ್ತಿ ತಂದ ಇವನ ಹೆಂಡ್ತಿ ನೆರಳನ್ನೇ ಅಳೆದು ಕಂಬಕ್ಕೆ ಹಾಕಿದ್ರು. ನೋಡ್ತಾ ನಿಂತಿದ್ನಂತೆ, ತುಟಿ ಪಿಟಕ್ಕನ್ನಲಿಲ್ಲ. ಮೂವತ್ತೈದನೇ ದಿನ ಹೋದ್ಲು. ಸೇತುವೆ ಕೇಳೋದನ್ನ ಕೇಳೇ ಕೇಳ್ತದೆ."

"ಸಾಕು ಸುಮ್ನಿರಿ," ಎಂದು ರಾಲಿತ್ಸಾ ನಕ್ಕಳು. ಶಹರದಿಂದ ಬಂದ ಇಂಜಿನಿಯರು. ಅವಳು ನಂಬುತ್ತಿದ್ದುದು ತನ್ನ ಬಿಲ್ಲೆಗಳನ್ನು. ಕೋಟಿನ ಗುಂಡಿಯಷ್ಟಗಲದ ಪಿಂಗಾಣಿ ಬಿಲ್ಲೆಗಳು. ವಿದ್ಯುತ್ ಕೊಟ್ಟರೆ ನಡುಗುತ್ತವೆ, ನಡುಗಿಸಿದರೆ ವಿದ್ಯುತ್ ಕೊಡುತ್ತವೆ. ಒಂದರ ನಡುಕ ಇನ್ನೊಂದಕ್ಕೆ ಮುಟ್ಟುವ ಬಗೆಯಲ್ಲೇ ಕಾಂಕ್ರೀಟ್ ಗಟ್ಟಿಯೋ ಟೊಳ್ಳೋ ತಿಳಿದುಬಿಡುತ್ತದೆ. ಶಿಥಿಲವಾದ ನಡುಗಂಬಕ್ಕೆ ಹೊದಿಸುವ ಹೊಸ ಕಾಂಕ್ರೀಟಿನಲ್ಲಿ ಅಂಥ ಆರು ಬಿಲ್ಲೆ ಹುಗಿಸಿದಳು.

ಐದು ಬಿಲ್ಲೆಗಳ ಲೆಕ್ಕ ದಿನದಿನಕ್ಕೆ ಸರಿಹೋಯಿತು. ನಾಲ್ಕನೆಯದರ ಪಕ್ಕದಲ್ಲಿ ಮಾತ್ರ ಮುಷ್ಟಿಯಷ್ಟು ಟೊಳ್ಳು. ಒಳಗೆ ಏನೋ ಸೇರಿಕೊಂಡಿದೆ.

ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಮುದುಕ ಕಂಬದ ಸುತ್ತ ಅಚ್ಚಿಗೆ ಕಟ್ಟಿದ ಹಲಗೆಗಳ ಸಂದಿಗೆ ಕೈ ತೂರಿಸಿದ್ದನ್ನು ಅವಳೇ ಕಂಡಿದ್ದಳು.

ಮುದುಕ ದಿನಾ ಬರುತ್ತಿದ್ದ. "ಊಟ ಸೇರ್ತಿದೆಯಾ ಮಗಳೇ? ಮೈ ಹೇಗಿದೆ?" ಎಂದು ಅವಳ ಮುಖವನ್ನೇ ನೋಡುತ್ತಿದ್ದ. ಕಾಂಕ್ರೀಟ್ ಸುರಿದ ಹನ್ನೊಂದನೆಯ ದಿನ ಅವಳ ತಾಳ್ಮೆ ಕೆಟ್ಟಿತು.

"ಕಂಬದೊಳಗೆ ನನ್ನ ಅಳತೆ ಹಾಕಿದೀಯಾ?"

"ನಿನ್ನದಾ? ಇಲ್ಲಮ್ಮ."

"ಮತ್ತೆ ಅಲ್ಲಿರೋದೇನು?"

ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನು ಯಾವಾಗ ಸಾಯ್ತೀನಿ ಅಂತ ದಿನ ಎಣಿಸೋಕೆ ಬರ್ತೀಯಾ? ಹೆಂಡ್ತೀನ ತಿಂದಿದ್ದು ಸಾಲದೇನೋ! ಇನ್ನೊಂದ್ಸಲ ಇಲ್ಲಿ ಕಾಲಿಟ್ರೆ ಪೊಲೀಸರಿಗೆ ಕೊಡ್ತೀನಿ, ನಡಿ!"

ನಡೆದೇಬಿಟ್ಟ. ಮತ್ತೆ ಬರಲಿಲ್ಲ.

ದಿನ ಎಣಿಸಿದವಳು ಅವಳೇ. ನಂಬಿಕೆಯಿಲ್ಲ, ನಿಜ, ಆದರೂ ಒಂದು ಕೆಮ್ಮು ಬಂದರೆ ಜೀವ ಝಲ್ಲೆನ್ನುತ್ತಿತ್ತು. ಕಾಂಕ್ರೀಟ್ ಬಲಿಯುವ ತನಕ ಕೊರೆಯುವ ಹಾಗಿರಲಿಲ್ಲ, ಬಲಿತ ಮೇಲೆ ಕೊರೆಯುವ ಯಂತ್ರ ಬರಲಿಲ್ಲ.

ಮೂವತ್ತೇಳನೆಯ ದಿನ ಸೇತುವೆಯ ಕಂಬಿಗೆ ಕಪ್ಪಂಚಿನ ಸಾವಿನ ಚೀಟಿ ಅಂಟಿಸಿದ್ದರು. ಸ್ಪಾಸ್ ತಾತನ ಫೋಟೋ, ಅದೇ ಟೊಪ್ಪಿಗೆ. ಮುದಿಜೀವಕ್ಕೆ ಅಂಥ ಮಾತು ಆಡಬಾರದಿತ್ತು. ಜೊತೆಗೇ, ಪೀಡೆ ತೊಲಗಿತು ಅಂತಲೂ ಅನಿಸಿತು. ಅನಿಸಿದ್ದಕ್ಕೆ ನಾಚಿಕೊಂಡಳು.

ನಲವತ್ತನೆಯ ದಿನ ಯಂತ್ರ ಬಂತು. ನಾಲ್ಕನೆಯ ಬಿಲ್ಲೆಯ ಪಕ್ಕ ಕೊರೆದು, ಉಳಿ ಹಾಕಿ ಎಬ್ಬಿಸಿದರೆ ಸಿಕ್ಕಿದ್ದು ತಂಬಾಕಿನ ತಗಡಿನ ಡಬ್ಬಿ. ರಾಲಿತ್ಸಾ ಮುಚ್ಚಳ ತೆಗೆದಳು. ಒಳಗೆ ದಾರದ ಸುರುಳಿ.

ಬಿಳಿ ದಾರ.

"ಇಂಜಿನಿಯರಮ್ಮಾ!" ಮುದುಕನ ಮಗಳು ಮಿಂಕಾ ದಡದಿಂದ ಇಳಿದು ಬಂದಳು. ಸತ್ತ ಮೂರನೆಯ ದಿನಕ್ಕೆ ಹಂಚುವ ಬೇಯಿಸಿದ ಗೋಧಿಯ ಬಟ್ಟಲು ಒಂದು ಕೈಯಲ್ಲಿ. ಇನ್ನೊಂದು ಕೈಯನ್ನು ರಾಲಿತ್ಸಾಳ ಮುಂದೆ ಬಿಚ್ಚಿದಳು. ಕೆಂಪು ದಾರ. "ಇದನ್ನ ನಿಮ್ಮ ಕೈಗೇ ಕೊಡು ಅಂದ್ರು ಅಪ್ಪ. ಗ್ರೊಜ್ದಾನ್ ನಿಮ್ಮ ನೆರಳು ಅಳೆದಾಗ ಅವನ ಕೈಯಿಂದ ಕಿತ್ಕೊಂಡಿದ್ದಂತೆ. ಸುಟ್ಟುಬಿಡ್ಲಿ, ಹೆದರೋದು ಬೇಡ ಅಂದ್ರು."

ಗ್ರೊಜ್ದಾನ್ ಹೊಳೆಯ ಕಡೆ ಮುಖ ತಿರುಗಿಸಿಕೊಂಡ.

ಮಿಂಕಾಳ ಕಣ್ಣು ಡಬ್ಬಿಯ ಮೇಲೆ ಬಿತ್ತು. "ಅಯ್ಯೋ, ಇದು ಇಲ್ಲಿಗೆ ಹೇಗೆ ಬಂತು? ಶವಪೆಟ್ಟಿಗೆ ಮಾಡಿಸ್ಬೇಕು ಅಂತ ಅಪ್ಪ ನನ್ನ ಕೈಲೇ ತಲೆಯಿಂದ ಪಾದದವರೆಗೆ ಅಳತೆ ತೆಗೆಸ್ಕೊಂಡ ದಾರ ಇದು."