ಒಂದೂ ಮುಳ್ಳಿಲ್ಲದ ಕಾಲುಚೀಲ

ಭಾನುವಾರ ಬೆಳಗ್ಗೆ ಗುಡ್ಡದಿಂದ ಬಂದ ಗಂಡ ಬಚ್ಚಲಿಗೆ ಹೋಗಿದ್ದೇ ತಡ, ದರ್ಜಿ ಹೆಂಗಸು ಅವನ ಕಾಲುಚೀಲ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಹೊರಗೆ ಮಗುಚಿ ನೋಡಿದಳು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದಳು. ಒಂದೇ ಒಂದು ಹುಲ್ಲುಮುಳ್ಳು ಇರಲಿಲ್ಲ.

ಚಳಿ ಶುರುವಾದ ಮೇಲೆ ಆ ಗುಡ್ಡ ಹತ್ತಿ ಬಂದವರ ಬಟ್ಟೆಯನ್ನು ಹುಲ್ಲುಮುಳ್ಳು ಸುಮ್ಮನೆ ಬಿಡುವುದುಂಟೆ? ಮದುವೆಯಾದಾಗಿನಿಂದ ಭಾನುವಾರ ತಪ್ಪಿಸದೆ ಗಂಡ ಹೆಂಡತಿ ಹತ್ತಿದ ಗುಡ್ಡ ಅದು. ಬೇಸಿಗೆಯ ಕೆಂಧೂಳು ಕೊಡವಿದವಳು, ಮಳೆಗಾಲದ ಕೆಸರು ತಿಕ್ಕಿದವಳು, ಚಳಿಗಾಲದಲ್ಲಿ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೈಯುತ್ತಲೇ ಒಂದೊಂದು ಮುಳ್ಳು ಕಿತ್ತವಳು ಇವಳೇ. ಹೋದ ಬೇಸಿಗೆಯಲ್ಲಿ ಮಂಡಿ ಕೈಕೊಟ್ಟಿತು. ಇನ್ನು ಗುಡ್ಡದ ಮಾತೇ ಬೇಡ ಎಂದರು ಡಾಕ್ಟರು. "ನನಗೋಸ್ಕರ ನೀವು ನಿಲ್ಲಿಸ್ಬೇಡಿ. ಹೋಗಿ ಬಂದು ಹೇಳಿ, ನಾನು ಕೇಳ್ತೀನಿ" ಎಂದು ದೊಡ್ಡ ಮನಸ್ಸು ಮಾಡಿದವಳೂ ಇವಳೇ. ಮೇಲಿನ ಮನೆಯ ನರ್ಸು ಅವನ ಜೊತೆ ಹೊರಟು ನಿಲ್ಲುತ್ತಾಳೆಂದು ಯಾರು ಕಂಡಿದ್ದರು!

ಅಂದಿನಿಂದ ಗಂಡನ ಬಾಯಲ್ಲಿ ನರ್ಸಿನದೇ ಜಪ. ಒಣಗಿದ ಮರ ಚಿಗುರಿದ್ದನ್ನು ನರ್ಸು ಮೊದಲು ನೋಡಿದರು. ಮಳೆ ಬಿದ್ದು ತೊರೆ ತುಂಬಿದಾಗ ನರ್ಸು ಹಾರಿ ದಾಟಿದರು. ಮಂಜಿನಲ್ಲಿ ಊರು ಪೂರ್ತಿ ಮುಳುಗಿದ್ದು ನರ್ಸಿಗೆ ಎಷ್ಟು ಚೆಂದ ಕಂಡಿತು ಗೊತ್ತಾ! ಸುಳ್ಳೇಕೆ, ನರ್ಸಿನ ಮಂಡಿ ಕಂಡರೂ ದರ್ಜಿ ಹೆಂಗಸಿಗೆ ಹೊಟ್ಟೆಕಿಚ್ಚು. ನರ್ಸು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುವ ಸದ್ದು ಕೇಳಿದರೆ ಸಾಕು, ಇಲ್ಲಿ ಮಿಷಿನ್ನಿನ ಹೊಲಿಗೆ ಸೊಟ್ಟಗೆ ಓಡುತ್ತಿತ್ತು.

ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಗಂಡ ಈಗಷ್ಟೇ ತಂದ ನೀಲಿ ಹೂವಿತ್ತು. ಅದು ಬಿಡುವುದು ಗುಡ್ಡದ ನೆತ್ತಿಯ ಬಂಡೆಯ ಹಿಂದೆ ಮಾತ್ರ. ಪೊದೆ ಸರಿಸಿ, ಬಗ್ಗಿ ಹೋಗಬೇಕಾದ ಜಾಗ. ಗಂಡ ಹೆಂಡತಿ ಬಿಟ್ಟು ಮೂರನೆಯವರಿಗೆ ತೋರಿಸದ ಜಾಗ. ಹೂವು ಬಂದಿದೆ, ಮುಳ್ಳು ಬಂದಿಲ್ಲ. ಅಲ್ಲಿಗೆ ಉಳಿದದ್ದು ಒಂದೇ ಅರ್ಥ. ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದವನ ಮುಖಕ್ಕೆ ಅವಳು ಕಾಲುಚೀಲ ಹಿಡಿದಳು.

"ಯಾರು ಕಿತ್ತಿದ್ದು?"

"ಏನನ್ನ?"

"ಮುಳ್ಳನ್ನ! ಮೇಲಿನ ಮನೇಲಿ ಕಾಲು ಚಾಚಿ ಕೂತು, ಅವಳ ಕೈಲಿ ಮುಳ್ಳು ಕೀಳಿಸ್ಕೊಂಡು ಬಂದಿದೀರಲ್ಲಾ, ನಾಚಿಕೆ ಆಗಲ್ವಾ? ಯಾರ ಕಿವಿ ಮೇಲೆ ಹೂವಿಡ್ತಿದೀರಾ?"

ಊರಿನ ಬೀಗಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುವ ಮನುಷ್ಯ, ಒರೆಸಿದ ತಲೆಯನ್ನೇ ಮತ್ತೆ ಒರೆಸತೊಡಗಿದ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನರ್ಸು. ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಗಂಡನ ಉಣ್ಣೆಯ ಟೋಪಿ.

"ಅಕ್ಕಾ, ಅಣ್ಣ ಬೆಂಚಿನ ಮೇಲೇ ಬಿಟ್ಟು ಬಂದಿದ್ರು. ಹಾಲು ತರೋವಾಗ ನೋಡಿದೆ."

"ಯಾವ ಬೆಂಚು?"

"ಅದೇ ಅಕ್ಕಾ, ಗುಡ್ಡದ ಕೆಳಗೆ ಗೇಟಿನ ಹತ್ರ. ನಾನು ಹತ್ತಿ ಇಳಿದು ಬರೋ ತನಕ ಪ್ರತಿ ವಾರ ಅಣ್ಣ ಕೂತಿರ್ತಾರಲ್ಲಾ..." ಎಂದವಳು ಇಬ್ಬರ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಣ್ಣ ಹೇಳಿಲ್ವಾ?"

ಗಂಡ ಟವೆಲ್ಲಿಗೆ ಹೇಳುವಂತೆ ತಲೆ ತಗ್ಗಿಸಿ ಹೇಳಿದ. "ಮೊದಲನೇ ವಾರ ಹೋದೆ ಕಣೇ, ಅರ್ಧ ದಾರಿ. ಹಿಂದಿನಿಂದ 'ಸ್ವಲ್ಪ ನಿಲ್ಲಿ ಮಾರಾಯ್ರೇ' ಅನ್ನೋರೇ ಇಲ್ಲ. ಕಾಲೇ ಏಳಲಿಲ್ಲ. ನಿಂಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯ. ಅದಕ್ಕೇ ಇವರು ನೋಡಿದ್ದನ್ನ ಕೇಳ್ಕೊಂಡು ಬಂದು ನಿಂಗೆ ಒಪ್ಪಿಸ್ತಿದ್ದೆ."

ಇಷ್ಟು ದಿನ ದರ್ಜಿ ಹೆಂಗಸಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಮುಖ ತಿರುಗಿಸಿದರೆ, ಎದುರಿಗೆ ಲೋಟದಲ್ಲಿ ನೀಲಿ ಹೂವು.

"ಮತ್ತೆ ಇದು?"

"ನಿಂಗಿಷ್ಟ ಅಂತ ಇವರಿಗೆ ದಾರಿ ಹೇಳ್ಕೊಟ್ಟೆ."

"ಎಂಥಾ ಜಾಗ ಅಕ್ಕಾ ಅದು!" ನರ್ಸಿನ ಮುಖ ಅರಳಿತು. "ಆ ಬಂಡೆ ಮೇಲೆ ಕೂತ್ರೆ ಏಳೋದಕ್ಕೇ ಮನಸ್ಸು ಬರಲ್ಲ. ಇವತ್ತೂ ಎಷ್ಟೋ ಹೊತ್ತು ಕೂತಿದ್ದೆ."

ಇಳಿದ ಭಾರ ಹೋದಷ್ಟೇ ಬೇಗ ವಾಪಸು ಬಂದು ಕೂತಿತು. ಗಂಡನನ್ನು ಯಾರೂ ಕಸಿದುಕೊಂಡಿರಲಿಲ್ಲ, ನಿಜ. ಆದರೆ ಬಂಡೆ? ದರ್ಜಿ ಹೆಂಗಸು ನರ್ಸನ್ನು ಮೇಲಿನಿಂದ ಕೆಳಗೆ ನೋಡಿದಳು. ಷೂ ತುಂಬ ಗುಡ್ಡದ ಕೆಮ್ಮಣ್ಣು. ಪ್ಯಾಂಟಿಗೆ ಪಾದದಿಂದ ಮಂಡಿಯ ತನಕ ಹುಲ್ಲುಮುಳ್ಳು, ಕಾಲಿಡಲು ಜಾಗವಿಲ್ಲದ ಸಂತೆಯ ಹಾಗೆ.

"ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದಳು. ತಾನು ಕುರ್ಚಿಯಲ್ಲಿ ಕೂತು, ನೋವಿಗೆ ಮುಖ ಕಿವುಚಿಕೊಂಡೇ ನರ್ಸಿನ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕೀಳತೊಡಗಿದಳು.

ನರ್ಸು ಗಾಬರಿಯಾಗಿ ಕಾಲೆಳೆದುಕೊಂಡಳು. "ಅಯ್ಯೋ, ಬೇಡಿ ಅಕ್ಕಾ! ಮನೇಲಿ ನಾನೇ ಕಿತ್ಕೋತೀನಿ."

"ಸುಮ್ನೆ ಕೂತ್ಕೊಳ್ಳೇ" ಎಂದು ದರ್ಜಿ ಹೆಂಗಸು ಕಾಲನ್ನು ಮತ್ತೆ ಎಳೆದು ಹಿಡಿದಳು. "ಇವು ನನ್ನವು."

ಕಿತ್ತ ಮುಳ್ಳನ್ನು ಅವಳು ಎಸೆಯಲಿಲ್ಲ. ಗಂಡನ ಕಾಲುಚೀಲವನ್ನು ಕುರ್ಚಿಯ ಕೈ ಮೇಲೆ ಹರಡಿಕೊಂಡು, ಅದಕ್ಕೆ ಒಂದೊಂದಾಗಿ ಚುಚ್ಚುತ್ತ ಹೋದಳು.