ಕತ್ತಲೆಯ ಫೋಟೋ

ಟ್ರೈಪಾಡ್ ಮೇಲಿನ ಕ್ಯಾಮೆರಾ ಎರಡನೆಯ ಸಲ ಕ್ಲಿಕ್ ಎಂದಾಗ ಧರ್ಮದರ್ಶಿ ಚನ್ನವೀರಪ್ಪ ನಕ್ಕರು. "ನಮ್ಮ ದೇವ್ರಿಗೆ ಒಂದು ಫೋಟೋ ಸಾಕಾಗಲ್ವೇನಮ್ಮ?"

"ಮೂರು ಬೇಕ್ರಿ. ಒಂದ್ರಾಗೆ ಬಾಗಿಲ ಬೆಳಕು, ಒಂದ್ರಾಗೆ ಕಂಬ, ಇನ್ನೊಂದ್ರಾಗೆ ಗರ್ಭಗುಡಿ ಕತ್ತಲೆ. ಆಮೇಲೆ ಮೂರನ್ನೂ ಕೂಡಿಸೋದು," ಎಂದಳು ಕರುಣಾ. ಸೊರಬದ ಕಡೆಯ ಹಳೇ ಗುಡಿಗಳ ಚಿತ್ರ ತೆಗೆಯಲು ಶಿಕಾರಿಪುರದಿಂದ ಬಂದಿದ್ದಳು. ಕತ್ತಲೆಯ ಫೋಟೋಗೆ ಶಟರ್ ಅರ್ಧ ನಿಮಿಷ ತೆರೆದಿರಬೇಕು. ಅಷ್ಟು ಹೊತ್ತು ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಉಸಿರು ಹಿಡಿದು ರಿಮೋಟ್ ಒತ್ತಿದಳು.

"ಅಂದಹಾಗೆ, ನೀವು ಯಾರ ಪೈಕಿ?"

ಇದೇ ಊರಲ್ಲಿ ಹುಟ್ಟಿದ ಕರುಣಾಳ ಅವ್ವ ಸಾಯುವ ತನಕ ಈ ಹೊಸಿಲಿನಾಚೆ, ಬಿಸಿಲಲ್ಲಿ ನಿಂತೇ ಕೈಮುಗಿದಿದ್ದಳು. ಯಾವುದೋ ದೊಡ್ಡ ಮನೆತನದ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿದಳು.

"ನಿಮ್ಮೂರ ಕೆಳಗೇರಿ ಉಚ್ಚಂಗಪ್ಪನ ಮೊಮ್ಮಗಳು."

ಚನ್ನವೀರಪ್ಪನವರ ನಗು ಆರಿತು. "ಯಾರನ್ನ ಕೇಳಿ ಒಳಗೆ ಬಂದ್ಯೇ?" ಎನ್ನುತ್ತಾ ಕ್ಯಾಮೆರಾ ಕಿತ್ತೆಸೆಯಲು ನುಗ್ಗಿದರು. ಹೊರಗೆ ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತದ್ದು ಕಾಣಿಸಿತು. ಶಟರ್ ಇನ್ನೂ ತೆರೆದೇ ಇತ್ತು. ಕರುಣಾ ಕೂಗಿದಳು:

"ಮುಟ್ಟಬ್ಯಾಡ್ರೀ! ನೀವು ಮುಟ್ಟಿದ್ರೆ ದೇವ್ರು ಕೆಡ್ತಾನೆ!"

ಚನ್ನವೀರಪ್ಪನವರಿಗೆ ಹುಟ್ಟಿದಾಗಿನಿಂದ ಬೇರೆಯವರಿಗೆ ಹೇಳಿಯಷ್ಟೇ ಗೊತ್ತಿದ್ದ ಮಾತು ಅದು. ಅವರ ಕೈ ಗಾಳಿಯಲ್ಲೇ ನಿಂತಿತು.