ನೀಲವ್ವನ ಹೆಸರಿನ ಕಾಯಿ

ಮಳೆಗಾಲದ ದ್ವೀಪ ನೋಡಬೇಕೆಂದು ಹೆಂಡತಿಯನ್ನು ಕರೆತಂದವನಿಗೆ ಮೂರೇ ದಿನಕ್ಕೆ ಸಾಕಾಗಿಹೋಗಿತ್ತು. ಕರೆಂಟಿಲ್ಲದೆ ಫೋನು ಸತ್ತಿತ್ತು, ಹಾಸಿಗೆ ಕೂಡ ಒದ್ದೆ.

"ಈ ಗಾಳಿಗೆ ದೋಣಿ ಇಳಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದ ದೋಣಿಯವನು. "ಕಡಲು ಹೀಗೆ ಎದ್ದಾಗ ನಾವು ಹೋಗುವ ಕ್ರಮ ಇಲ್ಲ. ಹೆರಿಗೆಗೆ, ಇಲ್ಲಾ ಜೀವ ಹೋಗ್ತಾ ಉಂಟು ಅಂದ್ರೆ ಮಾತ್ರ."

"ನಮ್ಮವ್ವ ಆಸ್ಪತ್ರ್ಯಾಗ ಅದಾಳ," ಎಂದುಬಿಟ್ಟ ಅವನು. "ಫೋನ್ ಬಂದ್ ಆಗೂಕಿಂತ ಮೊದ್ಲ ಸುದ್ದಿ ಬಂತು. ಇವತ್ತೋ ನಾಳಿನೋ ಅನ್ನೂ ಹಂಗ."

"ಬಿಡ್ತು ಅನ್ರಿ," ಎಂದು ಹೆಂಡತಿ ಬೆಚ್ಚಿ ಪಿಸುಗುಟ್ಟಿದಳು. ಅವನು ಅನ್ನಲಿಲ್ಲ.

ದೋಣಿಯವನು ಮನೆಯೊಳಗಿಂದ ತೆಂಗಿನಕಾಯಿ ತಂದ. "ಅಮ್ಮನ ಹೆಸರು?"

"ನೀಲವ್ವ."

"ತಾಯೀ, ನೀಲವ್ವನ ಜೀವ ಉಳಿಸು," ಎಂದು ಕಾಯಿಯನ್ನು ಕಡಲಿಗೆ ಬಿಟ್ಟ. ದೋಣಿಯವನ ಹೆಂಡತಿ ಮಗುವನ್ನೆತ್ತಿಕೊಂಡು ದಡದಲ್ಲೇ ನಿಂತಿದ್ದಳು, ದೋಣಿ ಮರೆಯಾಗುವವರೆಗೂ.

ನಡುನೀರಿನಲ್ಲಿ ಅಲೆಯೊಂದು ದೋಣಿಯನ್ನು ಮಗುಚುವಂತೆ ಎತ್ತಿ ಹಾಕಿತು. ಹಗ್ಗ ಜಗ್ಗಿ ದೋಣಿಯವನ ಅಂಗೈ ಸುಲಿದು ರಕ್ತ ಸುರಿಯಿತು. ಆದರೂ ದಡ ಮುಟ್ಟಿಸಿದ.

ದೋಣಿ ಕಟ್ಟುವ ದಕ್ಕೆಯಲ್ಲಿ ಕೊಡೆ ಹಿಡಿದು ಕಾಯುತ್ತಿದ್ದ ಮುದುಕಿಯೊಬ್ಬಳು ಓಡಿಬಂದು ಮಗನನ್ನು ತಬ್ಬಿಕೊಂಡಳು. "ಟಿವ್ಯಾಗ ಬಿರುಗಾಳಿ ಅಂದ್ರು. ನಿನ್ನ ಫೋನ್ ಹತ್ತವಲ್ದು. ಮನ್ಯಾಗ ಕುಂದ್ರಾಕ ಆಗಲಿಲ್ಲಪಾ, ಬಸ್ ಹತ್ತಿ ಬಂದೆ."

ಆಮೇಲೆ ದೋಣಿಯವನತ್ತ ತಿರುಗಿ ಅವನ ಎರಡೂ ಕೈ ಹಿಡಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ, ಯಪ್ಪಾ."

ಅವನು ರಕ್ತದ ಕೈ ಬಿಡಿಸಿಕೊಳ್ಳದೆ ಕೇಳಿದ: "ನೀಲವ್ವ ಅಲ್ವಾ? ಈಗ ಹೇಗಿದ್ದೀರಿ ಅಮ್ಮ?"